ಬಿಲ್ ಸೊನ್ನೆ, ಲೆಕ್ಕ ಸೊನ್ನೆ ಅಲ್ಲ

ನಲ್ಲೂರು, ಚನ್ನಗಿರಿ ಕಡೆ ನಾವೆಲ್ಲ ದಿನಾ ಮೊಬೈಲಲ್ಲಿ ಅಡಿಕೆ ರೇಟು ನೋಡ್ತೀವಿ. ಪಂಪ್‌ಸೆಟ್ ದಿನಕ್ಕೆ ಎಷ್ಟು ಯೂನಿಟ್ ಎಳೆಯುತ್ತೆ ಅಂದ್ರೆ ಉತ್ತರ ಇರಲ್ಲ. 10 ಎಚ್‌ಪಿವರೆಗೆ ಬಿಲ್ ಸರ್ಕಾರದ್ದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ಲೂ ಸೊನ್ನೆ. ಈ ಸವಲತ್ತು ಬೇಡ ಅಂತ ನಾನು ಹೇಳ್ತಿಲ್ಲ. ಬಿಲ್ ಬರದಿದ್ದರೂ ಇಂಗಾಲದ ಲೆಕ್ಕ ಓಡ್ತಾನೇ ಇರುತ್ತೆ ಅಂತಷ್ಟೇ ಹೇಳೋದು.

ಈ ಲೆಕ್ಕ ಕಷ್ಟ ಅಲ್ಲ. 14.2 ಕೆಜಿಯ ಒಂದು ಸಿಲಿಂಡರ್ ಉರಿದರೆ ಸುಮಾರು 42 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆಜಿ. ಒಂದು ಯೂನಿಟ್ ಕರೆಂಟಿಗೆ ದೇಶದ ಸರಾಸರಿ ಸುಮಾರು 0.7 ಕೆಜಿ. ಪಂಪಿಗೆ ಮೀಟರ್ ಇಲ್ವಾ? ಎಚ್‌ಪಿಯನ್ನು 0.75ರಿಂದ, ಆಮೇಲೆ ಓಡಿದ ಗಂಟೆಯಿಂದ ಗುಣಿಸಿ. 5 ಎಚ್‌ಪಿ ಪಂಪ್ 6 ಗಂಟೆ ಓಡಿದರೆ 22 ಯೂನಿಟ್, ಅಂದ್ರೆ 15 ಕೆಜಿ. ಮೂರು ದಿನದ ಪಂಪು ಒಂದು ಸಿಲಿಂಡರಿಗೆ ಸಮ. 45 ಕೆಜಿ ಯೂರಿಯಾ ಚೀಲ ಹೊಲಕ್ಕೆ ಬಿದ್ದ ಮೇಲೆ ಹೊರಡುವ ನೈಟ್ರಸ್ ಆಕ್ಸೈಡ್, ಸಾಮಾನ್ಯ ಲೆಕ್ಕದಲ್ಲಿ ಎರಡು ಸಿಲಿಂಡರಿನಷ್ಟು.

ಹಾಗಾಗಿ ಮನೆಯ ಬಲ್ಬ್ ಆರಿಸಿದ್ದಕ್ಕೇ ಸಮಾಧಾನ ಪಡಬಾರದು ಅನ್ನೋದು ನನ್ನ ಅಭಿಪ್ರಾಯ. ನಮ್ಮ ದೊಡ್ಡ ಲೆಕ್ಕ ತೋಟದಲ್ಲಿದೆ, ಗದ್ದೆಯಲ್ಲಿದೆ.

ಅದರಲ್ಲಿ ಕೆಲವು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ಸದಾ ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಏಳುತ್ತೆ. ತೂತು ಕೊರೆದ ಪೈಪ್ ಹುಗಿದು, ನೀರು ಮಣ್ಣಿನಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ನೀರು ಕಟ್ಟಿದರೆ ಮೀಥೇನೂ ನೀರೂ ಉಳಿಯುತ್ತೆ. ಹೂ ಬರುವಾಗ ಮಾತ್ರ ನೀರು ನಿಂತಿರಲಿ. ಆದ್ರೆ ಚಾನಲ್ ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹರಿಯುವಲ್ಲಿ ಒಬ್ಬನೇ ಒಣಗಿಸೋಕಾಗಲ್ಲ. ಒಂದು ತೂಬಿನ ಕೆಳಗಿನವರೆಲ್ಲ ಕೂತು ಮಾತಾಡಬೇಕು. 2023ರ ಬರದಲ್ಲಿ ಭದ್ರಾ ನೀರಿಗಾಗಿ ದಾವಣಗೆರೆ ರೈತರು ಬೀದಿಗಿಳಿದಿದ್ದು ಮರೆಯೋ ಹಾಗಿಲ್ಲ.

ರಸ್ತೆ ಬದಿ ಸುರಿದು ಬೆಂಕಿ ಇಡುವ ಅಡಿಕೆ ಸಿಪ್ಪೆಯ ಕಥೆಯೂ ಅಷ್ಟೇ. ಹೊಗೆ ಇಡೀ ಊರಿಗೆ, ಗೊಬ್ಬರದ ನಷ್ಟ ತೋಟಕ್ಕೆ. ಸಗಣಿ ಬಗ್ಗಡ ಹಾಕಿ ಕೊಳೆಸಿದರೆ ಅದೇ ಸಿಪ್ಪೆ ಮರದ ಬುಡಕ್ಕೆ ವಾಪಸ್.

ಈ ವಾರ ಪಂಪ್ ಓಡಿದ ಗಂಟೆ, ಡೀಸೆಲ್, ಯೂರಿಯಾ ಮೊಬೈಲಲ್ಲಿ ಬರೆದಿಡಿ. ನಿಮ್ಮ ತೂಬಿನ ವಾಟ್ಸಾಪ್ ಗ್ರೂಪಿಗೂ ಹಾಕಿ. ಮಾತು ಅಲ್ಲಿಂದ ಶುರುವಾಗಲಿ.