ಏರಿಯಾ ಪೋಸ್ಟರ್ ಮಾಡೋರು ಕೇರಿಯನ್ನೂ ಬರೀರಿ

ಡಿಸೈನ್ ಓದೋ ಮಕ್ಕಳು ತಮ್ಮ ಏರಿಯಾದ ಚರಿತ್ರೆ, ಪರಿಸರ ಇಟ್ಕೊಂಡು ಪೋಸ್ಟರ್, ಮ್ಯಾಪ್, ಲೋಗೋ ಮಾಡ್ತಿದ್ದಾರೆ. ಸಂತೋಷವೇ. ಆದರೆ ರಾಜರಾಜೇಶ್ವರಿನಗರ ಅಂದ ಕೂಡಲೇ ಕೈ ಏನನ್ನ ಬರೆಯುತ್ತೆ? ಮೈಸೂರು ರಸ್ತೆಯ ಆರ್ಚು, ದೇವಸ್ಥಾನದ ಗೋಪುರ, ಜ್ಞಾನಭಾರತಿಯ ಮರಗಳು, ಮೆಟ್ರೋ. ವೃಷಭಾವತಿ ಬಂದ್ರೆ ತಿಳಿನೀಲಿ ಬಣ್ಣದಲ್ಲಿ! ಮೂಗು ಮುಚ್ಕೊಂಡು ದಾಟೋ ನೀರಿಗೆ ಆ ನೀಲಿ ಎಲ್ಲಿಂದ ಬಂತು ಸ್ವಾಮಿ?

ನಮಗೆ ನೀಲಿ ಗೊತ್ತಿರೋದು ಬೇರೆ ಕಡೆಯಿಂದ. 1942ರಲ್ಲಿ ಬಾಬಾಸಾಹೇಬರು ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟದಿಂದ. ಇವತ್ತು ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಕೇರಿಗೆ ಹೋಗೋ ದಾರಿಯಲ್ಲಿ ಒಂದು ನೀಲಿ ಬೋರ್ಡು ನಿಂತಿರುತ್ತೆ. ಕೋಟು, ಕನ್ನಡಕ, ಕೈಯಲ್ಲಿ ಸಂವಿಧಾನ, ಕೆಳಗೆ ಸಂಘದ ಹೆಸರು. ಊರಿನ ಪೇಂಟರ್ ಬರೆದದ್ದು, ಕೂಲಿಯವರ ಚಂದಾದಲ್ಲಿ ನಿಂತದ್ದು. ಆ ಬೋರ್ಡು ನೆಡೋಕೆ ಜಗಳ ಆಗಿದೆ, ಪೊಲೀಸ್ ವ್ಯಾನು ಬಂದಿದೆ, ರಾತ್ರೋರಾತ್ರಿ ಮಸಿ ಬಳಿದವರಿದ್ದಾರೆ. ಗೋಪುರ ಬರೆದವರಿಗೆ ಆ ಭಯ ಇಲ್ಲ. ಸ್ಥಳೀಯ ವಿನ್ಯಾಸ ಅಂದ್ರೆ ಇದಲ್ದೆ ಇನ್ನೇನು? ಕ್ಲಾಸಲ್ಲಿ ಇದರ ಮಾತೇ ಬರಲ್ಲ.

2009ರಲ್ಲಿ ಬಿಬಿಎಂಪಿ ನಗರದ ಗೋಡೆಗಳ ಮೇಲೆ ಚಿತ್ರ ಬರೆಸಿತು. ಕರ್ನಾಟಕದ ಸ್ಮಾರಕಗಳು, ಕಾಡುಪ್ರಾಣಿಗಳು, ಜಾನಪದ ಕಲೆಗಳು. ಬರೆದವರು ಸಿನಿಮಾ ಬ್ಯಾನರ್ ಕಲಾವಿದರು, ಫ್ಲೆಕ್ಸ್ ಬಂದು ಹೊಟ್ಟೆಗೆ ಹೊಡೆಸಿಕೊಂಡವರು. ಅವರಿಗೆ ಕೆಲಸ ಸಿಕ್ತಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗೋಡೆಗೆ ಪೋಸ್ಟರ್ ಅಂಟಬಾರದು ಅನ್ನೋದೂ ಅದರ ಉದ್ದೇಶವಾಗಿತ್ತು. 1981ರ ಕಾಯ್ದೆ ಮೊದಲೇ ಇತ್ತು, ಈಗ ಬಣ್ಣವೂ ಕಾವಲಿಗೆ ನಿಂತಿತು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದದ್ದು ಕರಪತ್ರ, ಹಾಡು, ಗೋಡೆಬರಹದಿಂದ. ಪೇಪರಿನಲ್ಲಿ ಜಾಗ ಸಿಗದವರಿಗೆ ಗೋಡೆಯೇ ಪೇಪರು. ಅಂದ ಮಾಡೋ ನೆಪದಲ್ಲಿ ಯಾರ ಬಾಯಿ ಮುಚ್ಚಿತು ನೋಡಿ.

ಕೆರೆಗಳ ಚಿತ್ರವೂ ಹಾಗೇ. ಕೊಕ್ಕರೆ, ಕಮಲ, ವಾಕಿಂಗ್ ಪಾತು. ಹಳೇ ಮೈಸೂರು ಸೀಮೆಯಲ್ಲಿ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರಗಂಟಿ ಎಷ್ಟೋ ಊರುಗಳಲ್ಲಿ ನಮ್ಮವನೇ. ಹಲಗೆವಡೇರಹಳ್ಳಿ, ಪಟ್ಟಣಗೆರೆ, ಕೆಂಚೇನಹಳ್ಳಿ ಇವೆಲ್ಲ ಲೇಔಟ್ ಆಗೋ ಮುಂಚೆ ಹಳ್ಳಿಗಳು. ಹಳ್ಳಿ ಅಂದ ಮೇಲೆ ಕೇರಿ ಇಲ್ದೆ ಇರುತ್ತಾ?

ಈಗ ಮಾಡೋರಿಗೆ ನನ್ನ ಬೇಡಿಕೆ ಇಷ್ಟೇ. ವೃಷಭಾವತಿಯನ್ನ ಅದರ ನಿಜವಾದ ಬಣ್ಣದಲ್ಲೇ ಬರೀರಿ, ಪಕ್ಕದಲ್ಲಿ ಮ್ಯಾನ್‌ಹೋಲ್ ಬಾಯಿಯನ್ನೂ ಬರೀರಿ. ಅದಕ್ಕೆ ಮನುಷ್ಯರನ್ನ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ, ಸಾವು ನಿಂತಿಲ್ಲ. ಬೆಳಗಿನ ಜಾವ ಆರ್ಚಿನ ಕೆಳಗೆ ಗುಡಿಸೋ ಪೌರಕಾರ್ಮಿಕ ಅಕ್ಕಂದಿರನ್ನ ಬರೀರಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಹೇಳಿದ ಸಿದ್ದಲಿಂಗಯ್ಯನವರು 2021ರ ಜೂನ್‌ನಲ್ಲಿ ತೀರಿಕೊಂಡರು, ಆಗಸ್ಟ್ ಕೊನೆಗೆ ಜ್ಞಾನಭಾರತಿಗೆ ಮೆಟ್ರೋ ಬಂತು. ಆ ಸ್ಟೇಷನ್ನಿನ ಪೋಸ್ಟರ್ ಮಾಡೋರು ಅವರ ಮುಖದಿಂದ ಶುರು ಮಾಡಬಹುದು. ಯಾರಾದ್ರೂ ಮಾಡಿದ್ರೆ ಕಳಿಸಿ, ಪ್ರಿಂಟ್ ಹಾಕಿಸೋ ಖರ್ಚು ನಾವು ಚಂದಾ ಎತ್ತುತ್ತೀವಿ.

ಜೈ ಭೀಮ್.