ಸೋಮವಾರದ ಮುಸುರೆ

ರವಿವಾರ ರಾತ್ರಿ ಹತ್ತೂವರೆಗೆ ಶಹಾಪುರದ ಲಗ್ನ ಮುಗಿಸಿಕೊಂಡು ಕೆಂಭಾವಿಗೆ ಬಂದು ಮನೆಯ ಬೀಗ ತೆಗೆದೆವು. ನಮ್ಮ ಮನೆಯವರು ಚಪ್ಪಲಿ ಬಿಟ್ಟು, ಫ್ಯಾನು ಹಚ್ಚಿ, "ಅಬ್ಬಾ, ಸಾಕಾಯ್ತು ನೋಡು, ಇನ್ನ ಆರಾಮ" ಎಂದು ಮಂಚದ ಮೇಲೆ ಉರುಳಿದರು. ನಾನು ಅಡುಗೆಮನೆಯ ದೀಪ ಹಚ್ಚಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಗಡಿಬಿಡಿಯಲ್ಲಿ ಹೊರಡುವಾಗ ನೀರು ಹಾಕಿಟ್ಟಿದ್ದ ಚಹಾದ ಭಾಂಡೆ ವಾಸನೆ ಹೊಡೆಯುತ್ತಿತ್ತು. ಸಕ್ಕರೆ ಡಬ್ಬಿಗೆ ಇರುವೆ ಹತ್ತಿದ್ದವು. ಮೊಸರು ಹುಳಿಯಾಗಿತ್ತು. ಜೋಳದ ಹಿಟ್ಟು ಒಂದು ಹೊತ್ತಿನ ರೊಟ್ಟಿಗೂ ಸಾಲದಷ್ಟಿತ್ತು. ಎರಡು ಚೀಲದ ತುಂಬ ಲಗ್ನದ ಅರಿವೆ. ಅದರೊಳಗೆ ಎಣ್ಣೆ, ಅರಿಶಿನ, ಬೆವರು ಎಲ್ಲ ಕೂಡಿಕೊಂಡಿದ್ದವು.

ಅವರು ಹೇಳಿದ 'ಇನ್ನ ಆರಾಮ' ಎಂಬ ಮಾತು ಯಾರಿಗೆ ಅನ್ವಯಿಸುತ್ತದೆ ಎಂದು ಆ ಹೊತ್ತಿನಲ್ಲಿ ನಿಂತು ಯೋಚಿಸಿದೆ. ಮೂವತ್ತು ವರ್ಷದ ಸಂಸಾರದಲ್ಲಿ ಇದನ್ನು ಯೋಚಿಸಿದ್ದು ಮೊದಲನೆಯ ಸಲವೇನಲ್ಲ. ಬರೆಯುತ್ತಿರುವುದು ಮಾತ್ರ ಮೊದಲನೆಯ ಸಲ.

ಸೋಮವಾರ ನಸುಕಿನ ನಾಲ್ಕೂವರೆಗೆ ಎದ್ದೆ. ನಳ ಬರುವ ದಿನ, ಕೊಡ ತುಂಬಿಸಬೇಕು. ಭಾಂಡೆ ತಿಕ್ಕಿ, ಕಸ ಹೊಡೆದು, ಅರಿವೆ ನೆನೆಹಾಕಿ, ಪಕ್ಕದ ಮನೆಯವರಿಂದ ಒಂದು ಸೇರು ಹಿಟ್ಟು ಕೈಗಡ ತಂದು ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಒಂಬತ್ತೂವರೆಗೆ ಶಾಲೆ ಮುಟ್ಟಿದೆ. ಸಹಶಿಕ್ಷಕರೊಬ್ಬರು ನಗುತ್ತ, "ಏನ್ರಿ ಅಕ್ಕೋರೇ, ಎರಡು ದಿನ ಲಗ್ನದಾಗ ಮಜಾ ಮಾಡಿ ಬಂದ್ರಿ, ಆದ್ರೂ ಮಾರಿ ಇಷ್ಟ್ಯಾಕ ಸಣ್ಣ ಆಗ್ಯಾದ?" ಎಂದರು. ಲಗ್ನದ ಮನೆಯಲ್ಲಿ ನಾನು ಮಾಡಿದ ಮಜಾ ಎಂದರೆ ಶನಿವಾರ ರಾತ್ರಿ ಒಂದರವರೆಗೆ ತೆಂಗಿನಕಾಯಿ, ಎಲೆ, ಅಡಿಕೆ ಹಾಕಿ ಉಡಿ ತುಂಬುವ ಚೀಲಗಳನ್ನು ಕಟ್ಟಿದ್ದು, ರವಿವಾರ ಬೀಗರ ಕಡೆಯ ಹಿರಿಯರಿಗೆ ಚಹಾ ಹಂಚಿದ್ದು. ಗಂಡಸರು ಮಂಟಪದ ಕುರ್ಚಿಗಳಲ್ಲಿ ಕುಳಿತು ತೊಗರಿಯ ದರ ಮಾತಾಡುತ್ತಿದ್ದರು.

ಇರಲಿ, ನನ್ನ ಗೋಳು ಹೇಳಿಕೊಳ್ಳಲು ಈ ಬರಹವಲ್ಲ. ಅಂದು ಎಂಟನೆಯ ತರಗತಿಯಲ್ಲಿ ಹಾಜರಿ ಕರೆದಾಗ ಒಂದು ಹುಡುಗಿಯ ಹೆಸರಿಗೆ ಉತ್ತರ ಬರಲಿಲ್ಲ. ಮರುದಿನ ಬಂದಳು. "ಯಾಕವ್ವ, ನಿನ್ನೆ ಯಾಕ ಬರಲಿಲ್ಲ?" ಎಂದು ಗದರಿದೆ. ಆಕೆ ತಲೆ ತಗ್ಗಿಸಿ, "ರವಿವಾರ ಕಾಕಾನ ಮಗಳ ಕುಬಸಕ್ಕ ಹೋಗಿದ್ವಿರಿ ಅಕ್ಕೋರೇ. ಅರಿವಿ ಭಾಳ ಇದ್ವು. ಅವ್ವ ಒಬ್ಬಾಕಿಗೇ ಆಗಂಗಿಲ್ಲಂತ ಉಳಿಸಿಕೊಂಡ್ಳರಿ" ಎಂದಳು. "ನಿಮ್ಮ ಅಣ್ಣ?" ಎಂದೆ. "ಅಂವ ಸಾಲಿಗೆ ಬಂದಿದ್ನಲ್ರಿ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದರಲ್ಲಿ ಕೇಳುವುದೇನಿದೆ ಎಂಬ ಆಶ್ಚರ್ಯವಿತ್ತು.

ಬಿಡುವಿನ ವೇಳೆಯಲ್ಲಿ ಹಾಜರಿ ಪುಸ್ತಕದ ಹಿಂದಿನ ತಿಂಗಳುಗಳ ಹಾಳೆಗಳನ್ನು ತಿರುವಿದೆ. ನನ್ನದೇ ಕೈಬರಹ, ನನ್ನದೇ ಕೆಂಪು ಗುರುತು. ನನ್ನ ತರಗತಿಯ ಹುಡುಗರ ಗೈರುಹಾಜರಿ ವಾರದ ಎಲ್ಲ ದಿನಗಳಲ್ಲೂ ಚದುರಿತ್ತು. ಹುಡುಗಿಯರ ಗೈರುಹಾಜರಿ ಸೋಮವಾರದಂದು ಮತ್ತು ಹಬ್ಬದ ಮರುದಿನ ಗುಂಪಾಗಿತ್ತು. ಇಷ್ಟು ವರ್ಷ ಗುರುತು ಹಾಕಿದ ನನಗೇ ಅದು ಕಂಡಿರಲಿಲ್ಲ.

ಕಾಣದಿರಲು ಕಾರಣವೂ ಇದೆ. ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಗ ಗೃಹಪ್ರವೇಶವೊಂದು ಮುಗಿಸಿ ಬಂದ ಮರುದಿನ ನಾನೂ ಆಕೆಯನ್ನು ಮನೆಯಲ್ಲಿ ಉಳಿಸಿಕೊಂಡಿದ್ದೆ. ಮಗನನ್ನು ಶಾಲೆಗೆ ಕಳಿಸಿದ್ದೆ. ನಾನು ಶಿಕ್ಷಕಿ, ಬಿ.ಎ., ಬಿ.ಎಡ್. ಮುಗಿಸಿದವಳು, ಬೇರೆಯವರ ಮಕ್ಕಳ ಹಾಜರಿಗಾಗಿ ಮನೆ ಮನೆ ತಿರುಗಿದವಳು. ಈಗ ಆಕೆಗೆ ಮದುವೆಯಾಗಿದೆ, ಕಲಬುರಗಿಯಲ್ಲಿದ್ದಾಳೆ. ಆ ಸಂಜೆ ಫೋನು ಮಾಡಿ, "ನಿನಗ ನೆನಪದ ಏನವ್ವ?" ಎಂದು ಕೇಳಿದೆ. "ಅವತ್ತ ತ್ರಿಕೋನಮಿತಿ ಸುರು ಮಾಡಿದ್ರವ್ವ. ಆಮ್ಯಾಲ ಅದು ನನಗ ತಿಳೀಲೇ ಇಲ್ಲ" ಎಂದಳು. ಆಕೆ ನಕ್ಕಳು, ನನಗೆ ನಗಲಾಗಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಹೆಣ್ಣುಮಕ್ಕಳು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಅದೂ ಕೆಲಸಕ್ಕೆ ಕೈಹಚ್ಚುವ ಗಂಡಸರ ಲೆಕ್ಕ. ಕೈಹಚ್ಚದವರು ಈ ಸರಾಸರಿಯಲ್ಲಿ ಇಲ್ಲವೇ ಇಲ್ಲ. ವ್ಯತ್ಯಾಸ ದಿನಕ್ಕೆ 201 ನಿಮಿಷ. ಏಳರಿಂದ ಗುಣಿಸಿದರೆ ವಾರಕ್ಕೆ 23 ಗಂಟೆ 27 ನಿಮಿಷ, ಹತ್ತಿರ ಹತ್ತಿರ ಒಂದು ಇಡೀ ಹಗಲು-ರಾತ್ರಿ. ನಮ್ಮ ರವಿವಾರ ಎಲ್ಲಿ ಹೋಯಿತೆಂದು ಹುಡುಕುವ ಅಕ್ಕ-ತಂಗಿಯರೇ, ಅದು ಹೋದದ್ದು ಇಲ್ಲಿ.

ನಿಜಾಮರ ಆಳ್ವಿಕೆಯಲ್ಲಿ ನಮ್ಮ ಕಡೆ ಶುಕ್ರವಾರ ರಜೆ ಇತ್ತೆಂದು ಅಜ್ಜ ಹೇಳುತ್ತಿದ್ದ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ರವಿವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ. ರಜೆಯನ್ನು ಯಾರೂ ತಾವಾಗಿ ಕೊಡಲಿಲ್ಲ, ಕೇಳಿ ಪಡೆಯಬೇಕಾಯಿತು. ಅಡುಗೆಮನೆಯ ಪರವಾಗಿ ಅದನ್ನು ಇನ್ನೂ ಯಾರೂ ಕೇಳಿಲ್ಲ. ಕೇಳುವುದೇ ನಾಚಿಕೆಗೇಡು ಎಂದು ನಮಗೆ ಕಲಿಸಿದ್ದಾರೆ.

"ಪಗಾರ ಬರ್ತದಲ್ಲ, ಕೆಲಸದಾಕಿನ್ನ ಇಟ್ಕೋರಿ" ಎನ್ನುತ್ತಾರೆ. ಇಡಬಹುದು. ನನ್ನ ಭಾಂಡೆ ತಿಕ್ಕಿ ಹೋದಾಕೆಯ ಮನೆಯ ಭಾಂಡೆಯನ್ನು ಯಾರು ತಿಕ್ಕಬೇಕು? ಆಕೆಯ ಮಗಳೇ ಅಲ್ಲವೇ? ಆ ಮಗಳೇ ನನ್ನ ತರಗತಿಯ ಗೈರುಹಾಜರಿ. "ಮಷೀನು ತಗೋರಿ" ಎನ್ನುತ್ತಾರೆ. ಮಷೀನು ಅರಿವೆ ಒಗೆಯುತ್ತದೆ, ನೀರು ತುಂಬಿಸಿಕೊಳ್ಳುವುದಿಲ್ಲ, ಒಣಹಾಕುವುದಿಲ್ಲ, ಮಡಚಿಡುವುದಿಲ್ಲ. ಸರ್ಕಾರ 2023ರಲ್ಲಿ ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಗೃಹಲಕ್ಷ್ಮಿ ತಂದಿತು. ನಮ್ಮ ಓಣಿಯ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಆಸರೆಯಾಯಿತು, ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ಮನೆಯಲ್ಲಿ ದುಡಿಯುವ ಕೈಗಳು ಎರಡರಿಂದ ನಾಲ್ಕಾಗಲಿಲ್ಲ.

2001ರ ಜನಗಣತಿಯು ಮನೆಗೆಲಸ ಮಾಡುವ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಸಾಲಿನಲ್ಲಿ 'ಕೆಲಸ ಮಾಡದವರು' ಎಂದು ಎಣಿಸಿದ್ದನ್ನು ಸುಪ್ರೀಂ ಕೋರ್ಟು 2010ರಲ್ಲಿ ಅಪಘಾತ ಪರಿಹಾರದ ಒಂದು ತೀರ್ಪಿನಲ್ಲಿ ಖಂಡಿಸಿತು. ಸಂತೋಷ. ಆದರೆ ನ್ಯಾಯಾಲಯಕ್ಕೆ ತಿಳಿದದ್ದು ನಮ್ಮ ಪಡಸಾಲೆಗೆ ತಿಳಿಯಬೇಕಲ್ಲ! "ನಿಮ್ಮ ಹೆಂಡತಿ ಏನು ಮಾಡುತ್ತಾರೆ?" ಎಂದರೆ "ಏನೂ ಇಲ್ಲ, ಮನೆಯಲ್ಲೇ" ಎನ್ನುವ ಗಂಡಸರು ಇನ್ನೂ ಅಲ್ಲಿಯೇ ಕುಳಿತಿದ್ದಾರೆ.

ನಮ್ಮೂರು ಶರಣ ಭೋಗಣ್ಣನ ಊರು. ಜಾತಿ ನೋಡದೆ ಅತಿಥಿಗೆ ಉಣಬಡಿಸಿದ ತಪ್ಪಿಗೆ ಆತನನ್ನು ಊರು ಬಿಡಿಸಿದಾಗ, ಊರಿನ ಲಿಂಗಗಳೆಲ್ಲ ಆತನ ಬೆನ್ನು ಹತ್ತಿ ಹೊರಟವೆಂದು ಕಥೆ. ಸಣ್ಣವಳಿದ್ದಾಗ ಕೇಳಿ ರೋಮಾಂಚನಗೊಂಡಿದ್ದೆ. ಈಗ ಬೇರೊಂದು ಪ್ರಶ್ನೆ ಬರುತ್ತದೆ: ಅಂದು ಆ ಅಡುಗೆ ಮಾಡಿದವಳು, ಉಂಡೆದ್ದ ಮೇಲೆ ಮುಸುರೆ ತಿಕ್ಕಿದವಳು ಯಾರು? ಶರಣರು ಕಾಯಕವೇ ಕೈಲಾಸ ಎಂದರು. ಹಾಗಿದ್ದರೆ ಆ ಕೈಲಾಸದಲ್ಲಿ ಗಂಡಸರಿಗೂ ಪಾಲು ಬೇಡವೇ?

ಗಂಡಸರ ಮೇಲೆ ಮಾತ್ರ ತಪ್ಪು ಹೊರಿಸಿ ನಾನು ಜಾರಿಕೊಳ್ಳುವುದಿಲ್ಲ. ಮಗ ಕಸಬರಿಗೆ ಹಿಡಿದಾಗ "ಬಿಡಪ್ಪ, ನಿನಗ್ಯಾಕ ಅದು" ಎಂದು ಕಸಿದುಕೊಂಡವಳು ನಾನೇ. ಆ ಕೈ ಇಂದು ಸೊಸೆಯ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಅದರಲ್ಲಿ ನನ್ನ ಪಾಲೂ ಇದೆ.

ಕಳೆದ ರವಿವಾರ ಮತ್ತೊಂದು ಕಾರ್ಯಕ್ಕೆ ಹೋಗಿ ಬಂದೆವು. ರಾತ್ರಿಯೇ ಮನೆಯವರಿಗೆ ಹೇಳಿದೆ: "ನಾಳೆ ಭಾಂಡೆ ನಿಮ್ಮವು, ಅರಿವಿ ನನ್ನವು." ಅವರು ಒಂದು ಗಳಿಗೆ ಸುಮ್ಮನಿದ್ದು, "ಮಂದಿ ನೋಡಿದ್ರ?" ಎಂದರು. "ನೋಡಲಿ. ಮೂವತ್ತು ವರ್ಷ ನನ್ನ ನೋಡಿಲ್ಲೇನು?" ಎಂದೆ. ಸೋಮವಾರ ಬಾಗಿಲು ಮುಂದೆ ಮಾಡಿಕೊಂಡು ತಿಕ್ಕಿದರು. ಅರ್ಧ ಭಾಂಡೆಗೆ ಸೋಪಿನ ನೊರೆ ಹಾಗೆಯೇ ಇತ್ತು. ನಾನು ತಿರುಗಿ ತೊಳೆಯಲಿಲ್ಲ, ಅವರನ್ನೇ ಕರೆದು ತೋರಿಸಿದೆ.

ಪಾಲಕರ ಸಭೆಯಲ್ಲಿ ಆ ಹಾಜರಿ ಪುಸ್ತಕವನ್ನು ಓದಿ ಹೇಳಬೇಕೆಂದು ಮಾಡಿದ್ದೇನೆ. ತಾಯಂದಿರ ಎದುರಿಗಲ್ಲ, ತಂದೆಯರ ಎದುರಿಗೆ. ನೀವೂ ಒಂದು ಕೆಲಸ ಮಾಡಿ. ಮುಂದಿನ ಲಗ್ನವೋ ಜಾತ್ರೆಯೋ ಮುಗಿದ ಮರುದಿನ, ನಿಮ್ಮ ಮನೆಯಿಂದ ಯಾರು ಶಾಲೆಗೆ ಹೋದರು, ಯಾರು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಉಳಿದರು ಎಂದು ನೋಡಿ. ಉಳಿದವಳು ಮಗಳಾಗಿದ್ದರೆ, ಅರಿವೆ ಇನ್ನೊಂದು ದಿನ ನೆನೆಯಲಿ ಬಿಡಿ. ಆಕೆಯ ಕೈಗೆ ಚೀಲ ಕೊಟ್ಟು ಶಾಲೆಗೆ ಕಳಿಸಿ.