ಸೇನಾಪತಿಯ ಮನೆಯೂ ನಮ್ಮ ಬಾಲಿಕೆಯರೂ

ಜಯನಗರದ ನಮ್ಮ ವಿದ್ಯಾರ್ಥಿನಿಯರನ್ನು ಮಡಿಕೇರಿಯ ‘ಸನ್ನಿ ಸೈಡ್’ ಮನೆಯನ್ನು ನೋಡಲು ಕರೆದೊಯ್ಯಬೇಕೆಂದಾಗ, ಸೇನಾಪತಿಯೊಬ್ಬರ ಮನೆಯಲ್ಲಿ ಹೆಣ್ಣುಮಕ್ಕಳು ಕಲಿಯತಕ್ಕದ್ದೇನೆಂದು ಕೆಲವು ಪೋಷಕರು ಕೇಳುವುದುಂಟು. ಕಲಿಯತಕ್ಕದ್ದು ಬಹಳವಿದೆಯೆಂಬುದು ನಮ್ಮ ಅಭಿಪ್ರಾಯ.

1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ. ಎಸ್. ತಿಮ್ಮಯ್ಯನವರ ಬಾಲ್ಯದ ಈ ಮನೆಯು ಆಂಗ್ಲರ ಕಾಲದ್ದು. ಬಹುಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿದ್ದ ಇದು, 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಲ್ಪಟ್ಟಿತು. ಅಲ್ಲಿಯ ಆಯುಧಗಳೂ ಯುದ್ಧದ ಟ್ಯಾಂಕೂ ನೋಡತಕ್ಕವೇ ಸರಿ. ಆದರೆ ಜನರಲ್ಲರ ತಾಯಿ ಸೀತಮ್ಮನವರು ಸುಶಿಕ್ಷಿತೆಯಾಗಿದ್ದು, ಲೋಕಸೇವೆಗಾಗಿ ಕೈಸರ್-ಇ-ಹಿಂದ್ ಪದಕವನ್ನು ಪಡೆದವರೆಂಬುದನ್ನೂ ನಮ್ಮ ಬಾಲಿಕೆಯರು ಆ ಹೊಸ್ತಿಲಲ್ಲಿ ನಿಂತು ನೆನೆಯಬೇಕು. ಕಲಿತ ಹೆಣ್ಣಿನಿಂದ ಮನೆಗೂ ನಾಡಿಗೂ ಆಗುವ ಉಪಕಾರಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ವೀರನ ತಾಯಿಯಾಗುವುದಕ್ಕೇ ಹೆಣ್ಣಿನ ಪಾಲು ಮುಗಿಯುವುದೂ ಇಲ್ಲ. ಅದೇ 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಲು ಯುವತಿಯರಿಗೆ ಅವಕಾಶವಿತ್ತಿತು. 2025ರಲ್ಲಿ ಅವರ ಮೊದಲ ತಂಡದ 17 ಮಂದಿ ಅಲ್ಲಿ ಶಿಕ್ಷಣವನ್ನು ಪೂರೈಸಿದರು.

ಆದುದರಿಂದ, ತಾಯಿತಂದೆಗಳೇ, ಈ ಪ್ರವಾಸವನ್ನು ಗಂಡುಮಕ್ಕಳಿಗೆ ಮಾತ್ರ ತಕ್ಕದ್ದೆಂದು ತಿಳಿಯದಿರಿ. ಹೆಣ್ಣುಮಕ್ಕಳನ್ನೂ ಮನಃಪೂರ್ವಕವಾಗಿ ಕಳುಹಿಸಿಕೊಡಿರಿ.